ಬೀದರಿನ ಮನೆಗಳ ಹಳೆಯ ಕಾಗದ, ಫೋಟೋ, ಪಾತ್ರೆ: ಡಿಜಿಟಲ್ ಪ್ರತಿಗೆ ಯಾವ ದಾರಿ ಆಯ್ದುಕೊಳ್ಳಬೇಕು?

ಬೀದರಿನ ಕೋಟೆಗೂ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾಕ್ಕೂ ಕಾವಲಿದೆ, ಬೇಲಿಯಿದೆ, ಫಲಕವಿದೆ. ಅದೇ ಊರಿನ ಕಳೆದ ನೂರು ವರ್ಷಗಳ ದಿನನಿತ್ಯದ ಬದುಕಿಗೆ ಸಾಕ್ಷಿಯಾದ ವಸ್ತುಗಳು ಮಾತ್ರ ಮನೆಗಳ ಟ್ರಂಕುಗಳಲ್ಲಿ, ಅಂಗಡಿಗಳ ಮೇಲಟ್ಟದಲ್ಲಿ, ಮುಚ್ಚಿಹೋದ ಸ್ಟುಡಿಯೋಗಳ ಕಪಾಟುಗಳಲ್ಲಿ ಗೆದ್ದಲಿಗೂ ಸೋರುವ ಮಾಳಿಗೆಗೂ ಬಿಟ್ಟಂತಿವೆ. ನಿಜಾಮರ ಕಾಲದ ಛಾಪಾ ಕಾಗದ, ಕಿರಾಣಿ ಅಂಗಡಿಯ ಉದ್ರಿ ವಹಿ, ಲಗ್ನಪತ್ರಿಕೆ, ರೇಷನ್ ಕಾರ್ಡು, ಅಡತ್ (ದಲ್ಲಾಳಿ) ಅಂಗಡಿಯ ತೊಗರಿ ಚೀಟಿ, ಸಂಸ್ಥಾನದ ನಿವಾಸಿಯೆಂದು ಹೇಳುವ ಮುಲ್ಕಿ ಸರ್ಟಿಫಿಕೇಟು, ಬಿದರಿ ಕೆಲಸದವರ ನಕಾಶೆಯ ಹಾಳೆ ಇವೆಲ್ಲ ಆ ಸಾಲಿಗೆ ಸೇರುತ್ತವೆ.

ಇವುಗಳ ಬೆಲೆ ಬೇರೆ ಊರುಗಳಿಗಿಂತ ಇಲ್ಲಿ ಹೆಚ್ಚು ಎಂಬುದಕ್ಕೆ ಕಾರಣವಿದೆ. 1948ರ ಸೆಪ್ಟೆಂಬರ್ 17ರವರೆಗೆ ಬೀದರ್ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಎಂಟೇ ವರ್ಷಗಳಲ್ಲಿ ಆಡಳಿತ, ನಾಣ್ಯ, ಕಚೇರಿಯ ಭಾಷೆ ಮೂರೂ ಬದಲಾದವು. ಸಂಸ್ಥಾನದ ಕಾಲದ ದೊಡ್ಡ ದಫ್ತರಗಳು ಇಂದು ಹೈದರಾಬಾದಿನಲ್ಲಿ ತೆಲಂಗಾಣದ ಪತ್ರಾಗಾರದಲ್ಲಿವೆ. ಆ ಬದಲಾವಣೆಯನ್ನು ಒಂದು ಓಣಿಯ ಜನ ಹೇಗೆ ದಾಟಿದರು ಎಂಬುದು ದಫ್ತರದಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಮನೆಯ ಕಾಗದಗಳಲ್ಲಿ ಸಿಗುತ್ತದೆ.

ಕಡಿಮೆ ಹಣ, ನಾಲ್ಕೈದು ಜನರ ಕೈ, ವಾರಾಂತ್ಯದ ಬಿಡುವು ಇಷ್ಟನ್ನೇ ನೆಚ್ಚಿಕೊಂಡು ಕೆಲಸಕ್ಕೆ ಇಳಿಯುವ ಶಾಲೆ, ಓಣಿಯ ಸಂಘ ಅಥವಾ ಒಂದು ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಹೋಲಿಕೆಯನ್ನು ಮಾಡಲಾಗಿದೆ. ಯಾವ ಯಂತ್ರ ಕೊಳ್ಳಬೇಕು ಎಂದು ಹೊರಡುವುದಕ್ಕಿಂತ ಮುಂದಿರುವ ವಸ್ತು ಯಾವ ಜಾತಿಯದು ಎಂದು ನೋಡಿ ಹೊರಟರೆ ಹಣವೂ ಉಳಿಯುತ್ತದೆ, ವಸ್ತುವೂ ಉಳಿಯುತ್ತದೆ.

ಬಿಡಿ ಕಾಗದಕ್ಕೆ ಫೋನ್, ಫೋಟೋಕ್ಕೆ ಸ್ಕ್ಯಾನರ್, ವಹಿಗೆ ಸ್ಟ್ಯಾಂಡ್

ಬಿಡಿ ಕಾಗದಕ್ಕೆ ಫೋನ್ ಸಾಕು. 12 ಮೆಗಾಪಿಕ್ಸೆಲ್‌ನ ಸಾಮಾನ್ಯ ಕ್ಯಾಮೆರಾ ಒಂದು ಚಿತ್ರದಲ್ಲಿ 4000 ಗುಣಿಸು 3000 ಚುಕ್ಕಿಗಳನ್ನು ಹಿಡಿಯುತ್ತದೆ. ಎ4 ಹಾಳೆ ಚೌಕಟ್ಟನ್ನು ಪೂರ್ತಿ ತುಂಬುವಂತೆ ತೆಗೆದರೆ ಇಂಚಿಗೆ ಸುಮಾರು 340 ಚುಕ್ಕಿಗಳು ಸಿಗುತ್ತವೆ. ಬರಹದ ಕಾಗದಗಳಿಗೆ ಪತ್ರಾಗಾರಗಳು ಸಾಮಾನ್ಯವಾಗಿ ಕೇಳುವುದು 300 ಮಾತ್ರ. ಆದರೆ ಇದಕ್ಕೆ ಮೂರು ಕಟ್ಟುಪಾಡುಗಳಿವೆ: ಫೋನ್ ಹಾಳೆಗೆ ಸಮಾನಾಂತರವಾಗಿರಬೇಕು, ಬೆಳಕು ಕಿಟಕಿಯ ನೆರಳಿನ ಬೆಳಕಾಗಿರಬೇಕು, ಮತ್ತು ಚಿತ್ರವನ್ನು ಕ್ಯಾಮೆರಾದಿಂದಲೇ ತೆಗೆಯಬೇಕೇ ಹೊರತು ಸ್ಕ್ಯಾನಿಂಗ್ ಆ್ಯಪಿನಿಂದಲ್ಲ. ಸ್ಕ್ಯಾನಿಂಗ್ ಆ್ಯಪುಗಳು ಇಂದಿನ ಕಚೇರಿಯ ಬಿಳಿ ಕಾಗದಕ್ಕಾಗಿ ಮಾಡಿದಂಥವು. ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಭರದಲ್ಲಿ ಮಾಸಿದ ನೇರಳೆ ಮೊಹರು, ಅಂಚಿನಲ್ಲಿ ಸೀಸದ ಕಡ್ಡಿಯಿಂದ ಬರೆದ ಲೆಕ್ಕ, ಕಾಗದದ ನೀರುಗುರುತು ಇವನ್ನೆಲ್ಲ ಅಳಿಸಿಹಾಕುತ್ತವೆ. ಒಂದು ಛಾಪಾ ಕಾಗದವನ್ನು ನೇರ ಬೆಳಕಿನಲ್ಲಿ ನೋಡಿದರೆ ಮೇಲ್ಭಾಗ ಖಾಲಿ ಎನಿಸಬಹುದು. ಟಾರ್ಚನ್ನು ಹಾಳೆಯ ಅಂಚಿನಿಂದ ಅಡ್ಡಲಾಗಿ ಹಾಯಿಸಿದಾಗ ಅಲ್ಲೊಂದು ಉಬ್ಬು ಮುದ್ರೆ ಎದ್ದು ಕಾಣುತ್ತದೆ. ಅಂಥ ಕಾಗದಕ್ಕೆ ಎರಡು ಚಿತ್ರಗಳು ಬೇಕು, ಒಂದು ಸಮ ಬೆಳಕಿನದು, ಇನ್ನೊಂದು ಅಡ್ಡ ಬೆಳಕಿನದು. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ, ಎಂದರೆ ಗಾಜಿನ ಮೇಲೆ ಹಾಳೆಯಿಡುವ ಯಂತ್ರದಲ್ಲಿ, ಬೆಳಕಿನ ದಿಕ್ಕನ್ನು ಹೀಗೆ ನಮಗೆ ಬೇಕಾದಂತೆ ತಿರುಗಿಸಲು ಬರುವುದಿಲ್ಲ.

ಜೆರಾಕ್ಸ್ ಅಂಗಡಿಗೆ ಒಯ್ದು ಸ್ಕ್ಯಾನ್ ಮಾಡಿಸುವುದು ಸುಲಭದ ದಾರಿಯೆಂದು ಬಹಳ ಜನ ಆರಿಸುತ್ತಾರೆ. ಹೋಗುವುದಾದರೆ ಕಾಗದವನ್ನು ತಾನೇ ಎಳೆದುಕೊಳ್ಳುವ ಮೇಲಿನ ಟ್ರೇಗೆ ಹಾಕಲು ಬಿಡಬಾರದು, ಮಡಿಕೆಯಲ್ಲಿ ಸವೆದ ಹಳೆಯ ಹಾಳೆ ಅಲ್ಲಿ ಎರಡು ತುಂಡಾಗುತ್ತದೆ. ಕಪ್ಪು ಬಿಳುಪಿನಲ್ಲಲ್ಲದೆ ಬಣ್ಣದಲ್ಲಿಯೇ ಮಾಡಿರೆಂದು ಕೇಳಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಮೂಲ ಕಾಗದ ಮನೆಯ ಹೊಸ್ತಿಲು ದಾಟದಂತೆ ಮಾಡುವ ಯಾವ ವಿಧಾನವೂ ದಾಟಿಸುವ ವಿಧಾನಕ್ಕಿಂತ ಮೇಲು.

ಫೋಟೋಗಳ ವಿಷಯ ಬೇರೆ. ಆರು ಇಂಚು ನಾಲ್ಕು ಇಂಚಿನ ಸ್ಟುಡಿಯೋ ಚಿತ್ರದಲ್ಲಿ ಹಿಂದಿನ ಪರದೆಯ ಮೇಲೆ ಬಿಡಿಸಿದ ಮೆಟ್ಟಿಲು, ಕೈಗಡಿಯಾರದ ಮುಳ್ಳು, ಬೋರ್ಡಿನ ಮೇಲಿನ ಅರ್ಧ ಅಕ್ಷರ ಇವೇ ಮುಂದೆ ಸಾಕ್ಷಿಯಾಗುವುದರಿಂದ ಇಂಚಿಗೆ 600 ಚುಕ್ಕಿ ಬೇಕು, ಎಂದರೆ 3600 ಗುಣಿಸು 2400. ಲೆಕ್ಕದ ಮೇಲೆ ಫೋನೂ ಇದನ್ನು ಮುಟ್ಟುತ್ತದೆ, ಆದರೆ ಹೊಳಪಿನ ಕಾಗದದ ಮೇಲೆ ಬೆಳಕು ಮಿಂಚುವುದನ್ನು ತಪ್ಪಿಸುವುದು, ಅಂಚಿನವರೆಗೆ ಒಂದೇ ಸ್ಪಷ್ಟತೆ ತರುವುದು ಕಷ್ಟ. ಇಲ್ಲಿ ಫ್ಲಾಟ್‌ಬೆಡ್ ಸ್ಕ್ಯಾನರೇ ಸರಿ. ಕೊಳ್ಳುವಾಗ ಸಿಐಎಸ್ ಮತ್ತು ಸಿಸಿಡಿ ಎಂಬ ಎರಡು ಬಗೆಗಳಿವೆ ಎಂಬುದನ್ನು ಗಮನಿಸಬೇಕು. ತೆಳ್ಳಗಿನ, ಅಗ್ಗದ ಸಿಐಎಸ್ ಸ್ಕ್ಯಾನರು ಗಾಜಿಗೆ ಅಂಟಿಕೊಂಡ ಭಾಗವನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತದೆ, ಸುರುಳಿ ಸುತ್ತಿಕೊಂಡ ಫೋಟೋದ ಮೂಲೆ ಮಸುಕಾಗುತ್ತದೆ. ಸಿಸಿಡಿ ಸ್ಕ್ಯಾನರು ದಪ್ಪ, ದುಬಾರಿ, ಆದರೆ ಸ್ವಲ್ಪ ಮೇಲೆದ್ದ ಭಾಗವನ್ನೂ ಬಿಡುವುದಿಲ್ಲ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಮಾತ್ರ ಎಳೆಯಲೇಬಾರದು. ಚಿತ್ರದ ಪದರವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಗಾಜಿನ ಸಮೇತ ಕ್ಯಾಮೆರಾದಲ್ಲಿ ತೆಗೆದುಕೊಳ್ಳುವುದೇ ಸರಿ.

ಸ್ಟುಡಿಯೋ ನೆಗೆಟಿವ್‌ಗಳು ಸಿಕ್ಕರೆ ಫೋಟೋಗಳನ್ನು ಬದಿಗಿಟ್ಟು ಅವನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಡಬ್ಬಿ ತೆರೆದ ಕೂಡಲೇ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ. ಅದು ಶುರುವಾದ ಮೇಲೆ ನಿಲ್ಲುವುದಿಲ್ಲ, ತಂಪಿನಲ್ಲಿಟ್ಟರೆ ನಿಧಾನವಾಗುತ್ತದೆ ಅಷ್ಟೆ. ನೆಗೆಟಿವ್‌ಗೆ ಮುಚ್ಚಳದಲ್ಲಿ ದೀಪವಿರುವ ಸ್ಕ್ಯಾನರು, 35 ಮಿಲಿಮೀಟರ್ ಫಿಲ್ಮಿಗೆ ಇಂಚಿಗೆ ಕನಿಷ್ಠ 2400 ಚುಕ್ಕಿ ಬೇಕು. ಅದಿಲ್ಲದಿದ್ದರೆ ಸಮ ಬೆಳಕಿನ ಎಲ್‌ಇಡಿ ಹಲಗೆಯ ಮೇಲಿಟ್ಟು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನಿಂದ ತೆಗೆಯುವುದು ಒಳ್ಳೆಯ ಪರ್ಯಾಯ.

ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಗಳನ್ನು ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಹೊಲಿಗೆ ಬಿಡುತ್ತದೆ. ಅವಕ್ಕೆ ಕ್ಯಾಮೆರಾವನ್ನು ಕೆಳಮುಖವಾಗಿ ನಿಲ್ಲಿಸುವ ಸ್ಟ್ಯಾಂಡ್, ಎರಡೂ ಕಡೆ 45 ಡಿಗ್ರಿ ಕೋನದಲ್ಲಿ ಎರಡು ದೀಪ, ಪುಟ ತೆರೆದು ನಿಲ್ಲಲು ರಟ್ಟಿನ ಕೆಳಗೆ ದಿಂಬು. ಸ್ಥಳೀಯ ಬಡಗಿಯಿಂದ ಮಾಡಿಸಿದ ಮರದ ಸ್ಟ್ಯಾಂಡೂ ಅಲುಗಾಡದಿದ್ದರೆ ಸಾಕು. ಮೂರು ದಾರಿಗಳಲ್ಲಿ ಒಂದೇ ಒಂದಕ್ಕೆ ಹಣವಿದೆಯೆಂದರೆ ಈ ಸ್ಟ್ಯಾಂಡಿಗೇ ನನ್ನ ಮತ, ಏಕೆಂದರೆ ಅದರ ಕೆಳಗೆ ವಹಿಯನ್ನೂ ಕಾಗದವನ್ನೂ ಚೌಕಟ್ಟು ಹಾಕಿದ ಫೋಟೋವನ್ನೂ ಇಡಬಹುದು.

ಉಬ್ಬು ತಗ್ಗಿನ ವಸ್ತುಗಳು

ಸೇರು, ಪಾವು, ಪಾನದಾನ್, ಹುಕ್ಕಾದ ಬುಡ, ಬೀಸುಕಲ್ಲು, ಅಂಗಡಿಯ ತಗಡಿನ ಬೋರ್ಡು ಇವುಗಳಿಗೆ ಮೂರು ಆಯಾಮದ ಮಾದರಿ ಮಾಡುವುದು ಈಗ ಫ್ಯಾಶನ್. ಎಲ್ಲ ಕಡೆಯಿಂದ ಹತ್ತಾರು ಚಿತ್ರ ತೆಗೆದು ತಂತ್ರಾಂಶಕ್ಕೆ ಕೊಟ್ಟರೆ ಪರದೆಯ ಮೇಲೆ ತಿರುಗಿಸಿ ನೋಡುವ ಮಾದರಿ ಸಿದ್ಧವಾಗುತ್ತದೆ. ಬೀಸುಕಲ್ಲಿಗೆ, ಮರದ ಕೊಳಗಕ್ಕೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಬೀದರಿನ ದುರದೃಷ್ಟವೆಂದರೆ, ಇಲ್ಲಿಯ ಅತಿ ಮುಖ್ಯ ವಸ್ತುವಿಗೇ ಅದು ಒಗ್ಗುವುದಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ಕಪ್ಪೇರಿಸಿದ ಬಿದರಿ ಪಾತ್ರೆಯಲ್ಲಿ ಕಪ್ಪು ಬೆಳಕನ್ನು ನುಂಗುತ್ತದೆ, ಬೆಳ್ಳಿ ಬೆಳಕನ್ನು ಎಸೆಯುತ್ತದೆ. ಕ್ಯಾಮೆರಾ ಸರಿದಂತೆ ಹೊಳಪಿನ ಜಾಗವೂ ಸರಿಯುವುದರಿಂದ ತಂತ್ರಾಂಶಕ್ಕೆ ಒಂದು ಚಿತ್ರದ ಬಿಂದುವನ್ನು ಇನ್ನೊಂದರಲ್ಲಿ ಗುರುತಿಸಲು ಆಗುವುದಿಲ್ಲ, ಮಾದರಿಯಲ್ಲಿ ಹಳ್ಳ ದಿಣ್ಣೆ ಬೀಳುತ್ತವೆ.

ಬಿದರಿಗೆ ಸರಳ ಚಿತ್ರವೇ ಮೇಲು. ಬಿಳಿ ಮಲ್‌ಮಲ್ ಬಟ್ಟೆಯನ್ನು ಮೂರೂ ಕಡೆ ಕಟ್ಟಿ ದೀಪಗಳನ್ನು ಅದರ ಹೊರಗಿಟ್ಟರೆ ಬೆಳಕು ಹರಡುತ್ತದೆ. ಆರು ಕಡೆಯಿಂದ ಒಂದೊಂದು, ತಳದಲ್ಲಿ ಗುರುತಿದ್ದರೆ ಅದರದ್ದೊಂದು, ನಕಾಶೆಯ ಒಂದು ಹೂವಿನದು ಹತ್ತಿರದಿಂದ ಒಂದು, ಪ್ರತಿ ಚಿತ್ರದಲ್ಲೂ ಪಕ್ಕಕ್ಕೊಂದು ಸ್ಕೇಲು. ಹೊಳಪು ಕಡಿಮೆ ಮಾಡಲು ದೀಪಗಳಿಗೂ ಲೆನ್ಸಿಗೂ ಪೋಲರೈಸಿಂಗ್ ಫಿಲ್ಟರನ್ನು ಬಳಸಬಹುದು, ಆದರೆ ಲೆನ್ಸಿನದನ್ನು ಪೂರ್ತಿ ತಿರುಗಿಸಿದರೆ ಬೆಳ್ಳಿ ಸೀಸದಂತೆ ಕಾಣುತ್ತದೆ, ಅದು ಬಿದರಿಗೆ ಮಾಡುವ ಅನ್ಯಾಯ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಸುಬಿನಲ್ಲಿ ಸಿದ್ಧವಾದ ಪಾತ್ರೆಗಳ ಚಿತ್ರಗಳು ಬೇಕಾದಷ್ಟಿವೆ. ಕೆಲಸದ ಮನೆಯ ಸವೆದ ಉಳಿ, ಎಣ್ಣೆ ಮೆತ್ತಿದ ನಕಾಶೆಯ ಹಾಳೆ, ಅರ್ಧಕ್ಕೆ ಬಿಟ್ಟ ತುಂಡು ಇವುಗಳ ಚಿತ್ರಗಳು ಅಷ್ಟಾಗಿ ಇಲ್ಲ. ಮೊದಲ ಸರದಿ ಅವುಗಳಿಗೇ ಸಲ್ಲಬೇಕು. ಕೆತ್ತನೆಯ ಕೈಚಳಕಕ್ಕೆ ಮಾತ್ರ ಚಿತ್ರಕ್ಕಿಂತ ಧ್ವನಿಸಹಿತ ವಿಡಿಯೋ ಬೇಕು, ಏಕೆಂದರೆ ಸುತ್ತಿಗೆಯ ಪೆಟ್ಟಿನ ಲಯವನ್ನು ಯಾವ ಚಿತ್ರವೂ ತೋರಿಸಲಾರದು.

ಕಡತದ ಬಗೆ

ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸ್ಕ್ಯಾನರಿನಿಂದ ಬಂದದ್ದನ್ನು ವಿವರ ಕಳೆಯದೆ ಉಳಿಸುವ ಟಿಫ್ ರೂಪದಲ್ಲಿ ಇಡಬೇಕು. ಎ4 ಹಾಳೆಯೊಂದು 300 ಚುಕ್ಕಿಯಲ್ಲಿ, ಬಣ್ಣದಲ್ಲಿ, ಸುಮಾರು 26 ಎಂಬಿ ಆಗುತ್ತದೆ, ಸಾವಿರ ಹಾಳೆಗೆ 26 ಜಿಬಿ. ಫೋನಿನಿಂದ ತೆಗೆದ ಜೆಪೆಗ್ ಚಿತ್ರವನ್ನು ಹಾಗೆಯೇ ಇಟ್ಟರೆ ಸಾಕು, ಅದನ್ನು ಆಮೇಲೆ ಟಿಫ್‌ಗೆ ತಿರುಗಿಸಿದರೆ ಗಾತ್ರ ಹೆಚ್ಚುತ್ತದೆಯೇ ವಿನಾ ಕಳೆದ ವಿವರ ಮರಳುವುದಿಲ್ಲ. ಪಿಡಿಎಫ್ ಓದುವವರಿಗೆ ಅನುಕೂಲ, ಮೂಲಪ್ರತಿಯಾಗಿ ಬೇಡ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದ್ದನ್ನು ಮೂಲವೆಂದು ಎಣಿಸಬಾರದು. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಓದುವವರನ್ನು ಆರಿಸುವುದು

ಯಂತ್ರದ ಆಯ್ಕೆಗಿಂತ ಈ ಆಯ್ಕೆಯೇ ಹೆಚ್ಚು ತೂಕದ್ದು, ಒಟ್ಟು ಹಣದಲ್ಲಿ ಅರ್ಧವನ್ನು ಇದಕ್ಕೇ ಎತ್ತಿಡಬೇಕೆಂಬುದು ನನ್ನ ಅಭಿಪ್ರಾಯ. ಬೀದರಿನ ಒಂದೇ ಟ್ರಂಕಿನಲ್ಲಿ ಅವಸರದ ಶಿಕಸ್ತಾ ಬರವಣಿಗೆಯ ಉರ್ದು, ಮೋಡಿ ಲಿಪಿಯ ಮರಾಠಿ, ಕನ್ನಡ, ತೆಲುಗು ನಾಲ್ಕೂ ಇರಬಹುದು. ಚಿತ್ರ ತೆಗೆಯುವ ಕೆಲಸವನ್ನು ಹತ್ತು ವರ್ಷಗಳ ನಂತರವೂ ಮಾಡಬಹುದು. ಮೋಡಿಯನ್ನೂ ಶಿಕಸ್ತಾವನ್ನೂ ಸಲೀಸಾಗಿ ಓದುವ ಎಂಬತ್ತು ದಾಟಿದ ಹಿರಿಯರು ಅಷ್ಟು ದಿನ ಕಾಯಲಾರರು.

ಇಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಅಕ್ಷರ ಗುರುತಿಸುವ ತಂತ್ರಾಂಶ. ಅಚ್ಚಾದ ಕನ್ನಡಕ್ಕೆ, ಎಂದರೆ ಕರಪತ್ರ, ಲಗ್ನಪತ್ರಿಕೆಗಳಿಗೆ, ಅದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಕಲ್ಲಚ್ಚಿನ ನಸ್ತಾಲೀಖ್ ಶೈಲಿಯ ಉರ್ದುವಿನಲ್ಲಿ ಎಡವುತ್ತದೆ, ಕೈಬರಹದ ಮೋಡಿಯ ಮುಂದೆ ಅದರ ಆಟ ನಡೆಯುವುದಿಲ್ಲ. ಎರಡನೆಯದು ಲಿಪಿ ಬಲ್ಲವರಿಂದ ಪೂರ್ತಿ ಪ್ರತಿ ಬರೆಸುವುದು; ಇದು ಎಲ್ಲಕ್ಕಿಂತ ಉತ್ತಮ, ಎಲ್ಲಕ್ಕಿಂತ ನಿಧಾನ. ಮೂರನೆಯದು ಕಾಗದವನ್ನು ಮನೆಯ ಹಿರಿಯರ ಮುಂದಿಟ್ಟು ಅವರು ಓದುತ್ತ ಮಾತಾಡುವುದನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವುದು. "ಮುತ್ಯಾ, ಈ ಚೀಟಿ ಯಾರದ್ರಿ?" ಎಂದು ಕೇಳಿದರೆ ಸಾಕು, ಚೀಟಿಯಲ್ಲಿಲ್ಲದ ಹತ್ತು ಸಂಗತಿಗಳು ಹೊರಬರುತ್ತವೆ: ಆ ಅಡತ್ ಅಂಗಡಿ ಯಾವ ಗಂಜಿನಲ್ಲಿ (ಧಾನ್ಯದ ಪೇಟೆಯಲ್ಲಿ) ಇತ್ತು, ತೂಕ ಹಾಕುತ್ತಿದ್ದವರು ಯಾರು, ಆ ವರ್ಷ ತೊಗರಿ ಹೇಗೆ ಬೆಳೆದಿತ್ತು. ಸಮಯ ಕಡಿಮೆಯಿದ್ದರೆ ಮೂರನೆಯದನ್ನೇ ಆರಿಸಬೇಕು. ಫೋನಿನ ಸಾಧಾರಣ ಚಿತ್ರಕ್ಕೆ ಅರ್ಧ ಗಂಟೆಯ ಮಾತು ಜೊತೆಯಾದರೆ, ಮಾತಿಲ್ಲದ ಅತ್ಯುತ್ತಮ ಸ್ಕ್ಯಾನಿಗಿಂತ ಅದು ಇತಿಹಾಸಕ್ಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೆಗೆಟಿವ್ ಒಂದಕ್ಕೆ ಮಾತ್ರ ಈ ಮಾತು ಸಲ್ಲುವುದಿಲ್ಲ, ಅಲ್ಲಿ ಚಿತ್ರದ ಗುಣಮಟ್ಟವೇ ಮೊದಲು.

ವಿವರ ಬರೆದುಕೊಳ್ಳುವಾಗ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಒಂದು ತಾರೀಖು. ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ, ಆಜರ್ ಮಾಸದಿಂದ ಆರಂಭವಾಗುತ್ತಿದ್ದುದರಿಂದ ಇಸವಿ ತಿಳಿಯಲು ವರ್ಷದ ಮೊದಲ ಮೂರು ತಿಂಗಳಿಗೆ 590, ಉಳಿದ ತಿಂಗಳುಗಳಿಗೆ 591 ಕೂಡಿಸಬೇಕು. ಜಾಗೀರುಗಳನ್ನು ರದ್ದುಗೊಳಿಸಿದ 1949ರ ಆಗಸ್ಟಿನ ಕಟ್ಟಳೆಯ ಹೆಸರಿನಲ್ಲಿ 1358 ಫಸಲಿ ಎಂದಿರುವುದು ಈ ಲೆಕ್ಕದಿಂದಲೇ. ಎರಡೂ ವರ್ಷಗಳನ್ನು ಬರೆಯಬೇಕು, ಮೂಲದಲ್ಲಿದ್ದುದನ್ನು ಮೊದಲು. ಇನ್ನೊಂದು ಹಣ. ಹಾಲಿ ಎಂದಿದ್ದರೆ ಅದು ನಿಜಾಮರ ಉಸ್ಮಾನಿಯಾ ಸಿಕ್ಕಾ, ಕಲ್ದಾರ್ ಎಂದಿದ್ದರೆ ಬ್ರಿಟಿಷ್ ಭಾರತದ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್ ಎಂಬ ದರ ಇತ್ತು. ಬರೀ "ರೂ." ಎಂದು ಬರೆದುಕೊಂಡರೆ ಒಂದು ಹೊಲದ ಬೆಲೆಯೇ ತಪ್ಪಾಗಿ ದಾಖಲಾಗುತ್ತದೆ. ತಾರೀಖಿಲ್ಲದ ಚೀಟಿಯ ಕಾಲವನ್ನು ಊಹಿಸಲೂ ಹಣವೇ ಸುಳಿವು ಕೊಡುತ್ತದೆ: ನಯಾ ಪೈಸೆಯ ಲೆಕ್ಕವಿದ್ದರೆ ಆ ಚೀಟಿ 1957ರ ಏಪ್ರಿಲ್ 1ಕ್ಕಿಂತ ಹಿಂದಿನದಾಗಿರಲಾರದು.

ಎಲ್ಲಿ ಇಡುವುದು

ಮನೆಯ ಹಾರ್ಡ್ ಡಿಸ್ಕ್ ಅಗ್ಗ ಮತ್ತು ನಮ್ಮ ಕೈಯಲ್ಲೇ ಇರುತ್ತದೆ, ಆದರೆ ಒಂದು ದಿನ ಕೆಡುವುದು ಖಂಡಿತ. ಗೂಗಲ್ ಡ್ರೈವಿನಲ್ಲಿ 15 ಜಿಬಿ ಉಚಿತ, ಮೇಲಿನ ಲೆಕ್ಕದಂತೆ ಆರುನೂರು ಟಿಫ್ ಪುಟಗಳೂ ಹಿಡಿಯುವುದಿಲ್ಲ. ಜೊತೆಗೆ ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ಹಕ್ಕನ್ನು ಆ ಕಂಪನಿ ಇಟ್ಟುಕೊಂಡಿದೆ. ಸಂಗ್ರಹವನ್ನು ಒಬ್ಬರ ಹೆಸರಿನ ಖಾತೆಯಲ್ಲಿಟ್ಟು ಅವರು ತೀರಿಕೊಂಡರೆ ಪಾಸ್‌ವರ್ಡಿನ ಜೊತೆ ಊರಿನ ನೆನಪೂ ಹೋಗುತ್ತದೆ.

1996ರಲ್ಲಿ ಶುರುವಾದ ಇಂಟರ್‌ನೆಟ್ ಆರ್ಕೈವ್ ಲಾಭವಿಲ್ಲದ ಸಂಸ್ಥೆ, ಯಾರು ಬೇಕಾದರೂ ಉಚಿತವಾಗಿ ಏರಿಸಬಹುದು, ಮೂಲ ಕಡತವನ್ನು ಹಾಗೆಯೇ ಉಳಿಸುತ್ತದೆ. ವಹಿ, ಕರಪತ್ರ, ಧ್ವನಿಮುದ್ರಣಗಳಿಗೆ ಇದು ಸೂಕ್ತ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಕನ್ನಡದಲ್ಲಿ ವಿವರ ಬರೆಯಬಹುದು, ಚಿತ್ರ ನೇರವಾಗಿ ಕನ್ನಡ ವಿಕಿಪೀಡಿಯದ ಪುಟಕ್ಕೆ ಸೇರುತ್ತದೆ. ಆದರೆ ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದೆಂಬ ಪರವಾನಗಿ ಇದ್ದರೆ ಮಾತ್ರ ಅಲ್ಲಿ ಜಾಗ. ಪಾತ್ರೆ, ಉಳಿ, ಬೋರ್ಡುಗಳ ಚಿತ್ರ ನೀವೇ ತೆಗೆದದ್ದಾದರೆ ಅಲ್ಲಿಗೆ ಹಾಕಬಹುದು, ಮನೆತನದ ಫೋಟೋಗಳನ್ನು ಬೇಡ. ಅಳಿವಿನಂಚಿನ ಒಂದು ದೊಡ್ಡ ಸಂಗ್ರಹವೇ ಸಿಕ್ಕರೆ ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ 2004ರಿಂದ ಇಂಥ ಕೆಲಸಕ್ಕೆ ಧನಸಹಾಯ ನೀಡುತ್ತಿದೆ. ಮೂಲ ವಸ್ತು ದೇಶ ಬಿಡಬಾರದೆಂಬುದು ಅದರ ನಿಯಮ. ಅರ್ಜಿಯ ಕೆಲಸ ಭಾರಿ, ಕಾಲೇಜಿನ ಇತಿಹಾಸ ವಿಭಾಗವೊಂದು ಜೊತೆಗಿದ್ದರೆ ಮಾತ್ರ ಕೈ ಹಾಕಬೇಕು.

ದೊಡ್ಡ ಸಂಸ್ಥೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿ, 2024ರ ಅಕ್ಟೋಬರಿನಲ್ಲಿ ಇಂಟರ್‌ನೆಟ್ ಆರ್ಕೈವ್, ಎರಡೂ ಸೈಬರ್ ದಾಳಿಗೆ ಸಿಕ್ಕು ಸೇವೆ ನಿಲ್ಲಿಸಬೇಕಾಯಿತು. ಆದ್ದರಿಂದ ಇದು ಒಂದನ್ನು ಆರಿಸಿ ಇನ್ನೊಂದನ್ನು ಬಿಡುವ ವಿಷಯವಲ್ಲ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಬೀದರಿನಲ್ಲಿ ಒಂದು ಡಿಸ್ಕ್, ಕಲಬುರಗಿಯಲ್ಲಿರುವ ನೆಂಟರ ಮನೆಯಲ್ಲಿ ಇನ್ನೊಂದು, ಜಾಲದಲ್ಲಿ ಮೂರನೆಯದು ಎಂದಿಟ್ಟುಕೊಂಡರೆ ಸಾಕು. ವರ್ಷಕ್ಕೊಮ್ಮೆ ಡಿಸ್ಕುಗಳನ್ನು ಚಾಲೂ ಮಾಡಿ ಕಡತಗಳು ತೆರೆಯುತ್ತವೆಯೇ ಎಂದು ನೋಡಬೇಕು.

ತೋರಿಸಬಹುದಾದ್ದು, ತೋರಿಸಬಾರದ್ದು

ಪ್ರತಿ ಮಾಡುವುದಕ್ಕೂ ಪ್ರಕಟಿಸುವುದಕ್ಕೂ ಬಹಳ ಅಂತರವಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಬರೆದವರು ಬದುಕಿದ್ದಾಗ ಪ್ರಕಟವಾದ ಬರಹದ ಹಕ್ಕು ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತದೆ; ಅವರು ತೀರಿಕೊಂಡ ಮೇಲೆ ಪ್ರಕಟವಾದದ್ದಕ್ಕೆ ಮೊದಲ ಸಲ ಪ್ರಕಟವಾದಾಗಿನಿಂದ 60 ವರ್ಷ. ಕಾಗದ ಬಂದ ಮನೆಯವರು ಕಾಗದದ ಒಡೆಯರಷ್ಟೇ, ಅದರ ಮಾತಿನ ಹಕ್ಕು ಬರೆದವರದು ಮತ್ತು ಅವರ ವಾರಸುದಾರರದು. ಮಗಳು ಮುಂಬಯಿಯಿಂದ ತವರಿಗೆ ಬರೆದ ಪತ್ರವನ್ನು ತವರಿನವರ ಒಪ್ಪಿಗೆಯೊಂದನ್ನೇ ನೆಚ್ಚಿ ಜಾಲಕ್ಕೆ ಹಾಕಲಾಗದು.

ಕಾನೂನಿಗಿಂತ ಸೂಕ್ಷ್ಮವಾದದ್ದು ಉದ್ರಿ ವಹಿ. ಯಾವ ಹಬ್ಬಕ್ಕೆ ಎಷ್ಟು ಬೆಲ್ಲ ಹೋಯಿತು, ಯಾವ ಬರಗಾಲದಲ್ಲಿ ಜೋಳದ ಸಾಲ ಏರಿತು ಎಂದು ಹೇಳುವ ಇಂಥ ದಾಖಲೆ ಇನ್ನೊಂದಿಲ್ಲ. ಆದರೆ ಅದೇ ಪುಟದಲ್ಲಿ ಸಾಲ ತೀರಿಸದವರ ಹೆಸರೂ ಜಾತಿಯೂ ಓಣಿಯೂ ಇರುತ್ತವೆ, ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿ ಬಾಳುತ್ತಿರುತ್ತಾರೆ. ಹೆಸರಿನ ಅಂಕಣವನ್ನು ಮುಚ್ಚಿ ಪ್ರಕಟಿಸುವುದು ಒಂದು ದಾರಿ. ಪೂರ್ತಿ ವಹಿಯನ್ನು ಮುಚ್ಚಿಟ್ಟು ಸಂಶೋಧಕರು ಬಂದು ಕೇಳಿದಾಗ ತೋರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಕೆಲಸ ಹೆಚ್ಚು, ಆದರೂ ಊರಿನವರು ತಮ್ಮ ಊರಿನ ಬೆಲೆಯನ್ನೂ ಬಾಳನ್ನೂ ತಾವೇ ಓದಬಹುದಾದ್ದರಿಂದ ಅದನ್ನೇ ಆರಿಸುವುದು ನ್ಯಾಯ. ಮೂಲಪ್ರತಿಯ ಕಡತದಲ್ಲಿ ಮಾತ್ರ ಏನನ್ನೂ ಮುಚ್ಚಬಾರದು.

ವಸ್ತು ಕೊಟ್ಟವರಿಂದ ಒಪ್ಪಿಗೆ ಪತ್ರವನ್ನು ಅವರು ಓದಬಲ್ಲ ಭಾಷೆಯಲ್ಲಿ, ಕನ್ನಡದಲ್ಲೋ ಉರ್ದುವಿನಲ್ಲೋ ಮರಾಠಿಯಲ್ಲೋ, ಒಂದೇ ಪುಟದಲ್ಲಿ ಬರೆಸಿಕೊಳ್ಳಬೇಕು. ಈಗಲೇ ಎಲ್ಲರಿಗೂ ತೋರಿಸಬಹುದು, ಇಷ್ಟು ವರ್ಷಗಳ ನಂತರ ತೋರಿಸಬಹುದು, ಮನೆಯವರಿಗೆ ಮಾತ್ರ ಎಂಬ ಮೂರು ಆಯ್ಕೆಗಳನ್ನು ಅದರಲ್ಲಿ ಕೊಡಬೇಕು. ಪ್ರಕಟವಾದ ಮೇಲೆ ವಹಿಯಲ್ಲಿ ಹೆಸರಿರುವ ಕುಟುಂಬದವರೊಬ್ಬರು ಬಂದು ತೆಗೆಯಿರಿ ಎಂದರೆ ವಾದಕ್ಕಿಳಿಯದೆ ಅಂದೇ ಆ ಪುಟವನ್ನು ಜಾಲದಿಂದ ಇಳಿಸಿ, ಡಿಸ್ಕಿನ ಮುಚ್ಚಿದ ಕಡತಕ್ಕೆ ಸೇರಿಸಿ, ಇಳಿಸಿದ ತಾರೀಖನ್ನೂ ಕಾರಣವನ್ನೂ ಸಂಗ್ರಹದ ರಿಜಿಸ್ಟರಿನಲ್ಲಿ ಬರೆದಿಡಬೇಕು.